ಮಿಲ್ಲಿನ ಮನೆಯ ಟೈಗರ್

ಇವತ್ತಿಗೂ ಯಾರಾದರೂ ನನಗೆ ‘ಸ್ವಲ್ಪ ಗಟ್ಟಿಯಾಗಿ ಮಾತಾಡಿ’ ಅಂದರೆ ನಾನು ಇನ್ನೊಂದು ಚೂರು ಮೆಲ್ಲಗೆ ಮಾತಾಡುತ್ತೇನೆ. ಇದು ಸೊಕ್ಕು ಅಂತ ಹಲವರು ಹೇಳಿದ್ದಾರೆ. ಹೌದು, ಸೊಕ್ಕೇ. ಎಲ್ಲಿಂದ ಬಂತು ಅಂತ ಕೇಳಿದರೆ ಕೊಪ್ಪದ ಹತ್ತಿರದ ಜಯಪುರದ ಪೇಟೆಯಲ್ಲಿದ್ದ ನಮ್ಮ ಹಿಟ್ಟಿನ ಮಿಲ್ಲನ್ನೂ, ಅದರ ಬೆನ್ನಿಗೆ ಅಂಟಿಕೊಂಡಿದ್ದ ಮನೆಯನ್ನೂ ತೋರಿಸಬೇಕಾಗುತ್ತದೆ. ಮುಂದೆ ಮಿಲ್ಲು, ಹಿಂದೆ ಮನೆ, ನಡುವೆ ಒಂದು ಬಾಗಿಲು. ಬಾಗಿಲಿಗೆ ಚಿಲಕವಿತ್ತು, ಯಾರೂ ಹಾಕಿದ್ದನ್ನು ನಾನು ನೋಡಿಲ್ಲ. ಹಾಕಿದ್ದರೂ ಏನೂ ಆಗುತ್ತಿರಲಿಲ್ಲ, ಹಿಟ್ಟು ಸಂದಿಯಲ್ಲೇ ನುಸುಳಿ ಒಳಗೆ ಬರುತ್ತಿತ್ತು. ದೇವರ ಪಟದ ಮೇಲೆ ಹಿಟ್ಟು, ಟಿ.ವಿ. ಮೇಲೆ ಹಿಟ್ಟು, ಅಪ್ಪನ ಹುಬ್ಬಿನ ಮೇಲೆ ಹಿಟ್ಟು. ಅಮ್ಮ ಬೆಳಿಗ್ಗೆ ಒರೆಸಿದ್ದನ್ನು ಸಂಜೆ ಮತ್ತೆ ಒರೆಸುತ್ತಿದ್ದಳು. ಒಣಮೆಣಸು ಬೀಸುವ ದಿನ ಮಾತ್ರ ಎಲ್ಲರೂ ಸಮಾನರು. ಅಪ್ಪ, ಅಮ್ಮ, ನಾನು, ಬಂದ ಗಿರಾಕಿ, ಹಿತ್ತಿಲ ಕೊಟ್ಟಿಗೆಯ ಹಸು, ಎಲ್ಲರೂ ಸೀನುತ್ತಾ ಕಣ್ಣು ಒರೆಸಿಕೊಳ್ಳುತ್ತಾ ಇರುತ್ತಿದ್ದೆವು. ಅವತ್ತು ಮಾಡಿದ ಕಡುಬು ಕೂಡ ಖಾರ ಅನ್ನಿಸುತ್ತಿತ್ತು.

ಮಿಲ್ಲು ಓಡಬೇಕಾದರೆ ತ್ರೀಫೇಸ್ ಕರೆಂಟು ಬೇಕು. ಆ ಲೋಡ್‌ಶೆಡ್ಡಿಂಗ್ ಕಾಲದಲ್ಲಿ ಅದು ಬರುವ ಹೊತ್ತಿಗೆ ಹೊತ್ತುಗೊತ್ತು ಇರಲಿಲ್ಲ. ಬಂದ ಕೂಡಲೇ ಅಪ್ಪ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಓಡುತ್ತಿದ್ದ. ಬೆಲ್ಟು ಪಟಾರನೆ ಹೊಡೆದು ತಿರುಗಲು ಹಿಡಿಯುತ್ತಿತ್ತು, ಕಲ್ಲು ಗುಡುಗುತ್ತಿತ್ತು, ಅಡುಗೆಮನೆಯ ನಾಗಂದಿಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಅದರ ನಡುವೆ ಮಾತಾಡಬೇಕೆಂದರೆ ಕೂಗಲೇಬೇಕು. ಹಾಗೆ ನಮ್ಮ ಮನೆಯವರು ಕೂಗುವುದನ್ನು ಕಲಿತರು, ಮಿಲ್ಲು ನಿಂತ ಮೇಲೂ ಕೂಗುವುದನ್ನು ನಿಲ್ಲಿಸಲಿಲ್ಲ. ಉಪ್ಪು ಬೇಕಾದರೂ ಕೂಗು, ಪ್ರೀತಿ ಬಂದರೂ ಕೂಗು. ಅಪ್ಪ ನನ್ನನ್ನು ಮುದ್ದು ಮಾಡಿ ಕರೆದರೆ ಪಕ್ಕದ ಸೈಕಲ್ ಶಾಪಿನವನು ಯಾರಿಗೋ ಏಟು ಬಿತ್ತು ಅಂತ ಇಣುಕಿ ನೋಡುತ್ತಿದ್ದ. ಅಪ್ಪನ ತಮ್ಮ ನಾಗೇಶ ಚಿಕ್ಕಪ್ಪ ಬಾಡಿಗೆ ಜೀಪು ಓಡಿಸುತ್ತಿದ್ದ. ನಮ್ಮ ಕಡೆ ಮೊಬೈಲು ಕಾಲಿಟ್ಟ ಹೊಸತರಲ್ಲೇ ಅವನೊಂದು ತಗೊಂಡಿದ್ದ. ಸಿಗ್ನಲ್ ಸಿಗುತ್ತಿದ್ದುದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ನಿಂತರೆ ಮಾತ್ರ. ಅವನು ಅಲ್ಲಿ ನಿಂತು ಮಾತಾಡಿದರೆ ಕೊಪ್ಪದಲ್ಲಿದ್ದವರಿಗೆ ಮೊಬೈಲು ಇಲ್ಲದೆಯೂ ಕೇಳಿಸುತ್ತದೆ ಅಂತ ಪೇಟೆಯವರು ನಗಾಡುತ್ತಿದ್ದರು.

ಇಂಥ ಮನೆಯಲ್ಲಿ ಮೆಲುದನಿಯವಳಾಗಿ ನಾನು ಹುಟ್ಟಿಬಿಟ್ಟೆ. ಹೆಸರು ಸವಿತಾ ಅಂತಿತ್ತು, ಚಿಕ್ಕಪ್ಪ ಮಾತ್ರ ಕರೆಯುತ್ತಿದ್ದುದು ‘ಮೂಗಿ’ ಅಂತ. ಶಾಲೆಯಲ್ಲಿ ಮೇಷ್ಟ್ರು ‘ಗಟ್ಟಿ ಓದು’ ಅನ್ನುತ್ತಿದ್ದರು, ಮನೆಯಲ್ಲಿ ಅಪ್ಪ ‘ಗಟ್ಟಿ ಹೇಳು’ ಅನ್ನುತ್ತಿದ್ದ. ನಂಟರು ಬಂದರೆ ‘ಈ ಹುಡುಗಿ ಹೀಂಗೆ ಇದ್ರೆ ಮುಂದೆ ಎಂತ ಗತಿ’ ಅಂತ ನನ್ನ ಎದುರೇ ಚರ್ಚೆ ಮಾಡುತ್ತಿದ್ದರು. ನನಗೆ ಕೂಗಲು ಬರುತ್ತಿರಲಿಲ್ಲ ಅಂತಲ್ಲ, ಇಷ್ಟವಿರಲಿಲ್ಲ. ಎಲ್ಲರೂ ಮಾಡುವುದನ್ನು ನಾನೂ ಮಾಡಲೇಬೇಕು ಅಂತ ಎಲ್ಲಿದೆ? ಹನ್ನೊಂದು ವರ್ಷದ ಹುಡುಗಿಗೆ ಇದನ್ನು ಹೀಗೆ ಹೇಳಲು ಬರುತ್ತಿರಲಿಲ್ಲ, ಆದರೆ ಮನಸ್ಸಿನೊಳಗೆ ಇದ್ದದ್ದು ಇದೇ.

ಟೈಗರ್ ನಮ್ಮ ಮನೆಗೆ ಬಂದಿದ್ದು ಆಗ. ಮಿಲ್ಲಿನ ಬದಿಯ ಬಾಗಿಲಿನಿಂದ ಯಾರೋ ನುಗ್ಗಿ ಗಿರಾಕಿಗಳ ಗೋಧಿ ಚೀಲ ಹೊತ್ತುಕೊಂಡು ಹೋಗಿದ್ದರು. ಕಾವಲಿಗೆ ಒಂದು ಜೋರು ನಾಯಿ ಬೇಕು ಅಂತ ಅಪ್ಪ ಕೂಗಿದ, ಚಿಕ್ಕಪ್ಪ ಮೇಗುಂದದ ಕಡೆಯ ಒಂದು ಕಾಫಿ ತೋಟದಿಂದ ನಾಯಿ ತಂದ. ಕಂದು ಬಣ್ಣ, ಎದೆಯ ಮೇಲೆ ಬಿಳಿ ಮಚ್ಚೆ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಮಿಲ್ಲಿನ ಒಂದು ಬದಿಗೆ ಚಪ್ಪರದ ಹಾಗೆ ಒಂದು ಮಾಡು ಇಳಿಬಿಟ್ಟಿದ್ದರು. ಅದರ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದರು. ಬಂದವರೆಲ್ಲ ಚೀಲ ಇಳಿಸುವ ಜಾಗವೇ ಅದು. ನಮ್ಮ ಕಡೆ ನಾಯಿ ಸಾಕುವ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಹಗಲಿಡೀ ಕಟ್ಟಬೇಕು, ಅರೆಹೊಟ್ಟೆ ಇಡಬೇಕು, ಯಾರೂ ಸಲಿಗೆ ಕೊಡಬಾರದು, ಆಗ ಜೋರಾಗುತ್ತದೆ. ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟನ್ನು ಕೆರೆದು ಗಂಜಿ ಕಾಯಿಸಿ, ದೂರದಿಂದಲೇ ಸೌಟಿನಲ್ಲಿ ಎರಚಿ, ‘ತಿನ್ನು, ಟೈಗರ್!’ ಅಂತ ಅಪ್ಪ ಅಬ್ಬರಿಸುತ್ತಿದ್ದ. ಟೈಗರ್ ಕಂಬದ ಹಿಂದೆ ಮುದುಡಿಕೊಳ್ಳುತ್ತಿತ್ತು. ಅಪ್ಪ ಒಳಗೆ ಹೋದ ಎಷ್ಟೋ ಹೊತ್ತಿನ ಮೇಲೆ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಬಂದು ನೆಲ ನೆಕ್ಕುತ್ತಿತ್ತು.

ಬಂದ ಸ್ವಲ್ಪ ದಿನಕ್ಕೇ ಅದು ಶೇಷಣ್ಣನನ್ನು ಕಚ್ಚಿತು. ಶೇಷಣ್ಣ ಬಸ್‌ಸ್ಟ್ಯಾಂಡಿನ ಎದುರು ಹೋಟೆಲು ಇಟ್ಟವನು, ಇಡ್ಲಿ ರವೆಗೂ ದೋಸೆ ಹಿಟ್ಟಿಗೂ ನಮ್ಮ ಮಿಲ್ಲಿಗೇ ಬರುತ್ತಿದ್ದ ದೊಡ್ಡ ಗಿರಾಕಿ. ಹೆಗಲ ಮೇಲಿನ ಅಕ್ಕಿ ಚೀಲವನ್ನು ಅವನು ಧೊಪ್ಪನೆ ಮಾಡಿನ ಕೆಳಗೆ ಹಾಕಿದ. ಟೈಗರ್ ಹಾರಿ ಮೀನಖಂಡಕ್ಕೆ ಬಾಯಿ ಹಾಕಿತು. ಬಿಳಿ ಪಂಚೆ ಕೆಂಪಾಯಿತು. ಅಪ್ಪ ಹಳೇ ಬೆಲ್ಟಿನ ತುಂಡು ತಗೊಂಡು ಬಾರಿಸಿದ. ನಾನು ಬಾಗಿಲಲ್ಲಿ ನಿಂತು ನೋಡಿದ್ದು ನಾಯಿಯ ಮುಖವನ್ನು. ಅದು ತಿರುಗಿ ಬೀಳಲಿಲ್ಲ, ಗುರ್ರೆನ್ನಲೂ ಇಲ್ಲ. ಸರಪಳಿ ಎಳೆಯುವಷ್ಟು ದೂರ ಹೋಗಿ, ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ನಡುಗಿತು. ಜೋರು ನಾಯಿ ಅಂದರೆ ಇದೇನಾ ಅಂತ ನನಗೆ ಅನ್ನಿಸಿತು.

“ಆ ನಾಯಿ ಇಲ್ಲಿರೋ ತನಕ ನಾ ಈ ಮೆಟ್ಟಲು ಹತ್ತಲ್ಲ ಮಾರಾಯ. ಬೇರೆ ಮಿಲ್ಲು ನೋಡ್ಕಳ್ತೀನಿ,” ಅಂದ ಶೇಷಣ್ಣ, ಕಾಲಿಗೆ ಬಟ್ಟೆ ಸುತ್ತಿಕೊಳ್ಳುತ್ತಾ.

“ಶಿವರಾತ್ರಿ ಕಳೀಲಿ ಶೇಷಣ್ಣ. ನಾಗೇಶನ ಜೀಪು ಕಾಫಿ ಕೊಯ್ಲಿನ ಆಳುಗಳ ಬಾಡಿಗೇಲಿ ಅದೆ. ಅದು ಮುಗಿದ ಕೂಡ್ಲೇ ಹೊಳೆ ದಾಟಿಸಿಬಿಡ್ತೀನಿ. ಇದು ನನ್ನ ಮಾತು,” ಅಂತ ಅಪ್ಪ ಇಡೀ ಪೇಟೆಗೆ ಕೇಳುವಂತೆ ಹೇಳಿದ.

ಹೊಳೆ ದಾಟಿಸುವುದು ಅಂದರೆ ಬೇಡವಾದ ನಾಯಿಯನ್ನು ಗೋಣಿಚೀಲದಲ್ಲಿ ಕಟ್ಟಿ, ಬಾಳೆಹೊನ್ನೂರಿನ ಆಚೆ ಭದ್ರಾ ಸೇತುವೆ ದಾಟಿಸಿ, ಕಾಡಿನ ತಿರುವಿನಲ್ಲಿ ಸುರಿದು ಬರುವುದು. ಚೀಲ ಯಾಕೆಂದರೆ ದಾರಿ ಕಾಣಬಾರದು, ದಾರಿ ಕಂಡರೆ ವಾಪಸ್ ಬರುತ್ತದೆ. ಕೊಂದ ಪಾಪವೂ ಬರುವುದಿಲ್ಲ, ನಾಯಿಯೂ ಇರುವುದಿಲ್ಲ. ಅಲ್ಲಿ ಅದು ಎಷ್ಟು ದಿನ ಬದುಕುತ್ತದೆ, ಚಿರತೆ ಬಾಯಿಗೆ ಯಾವಾಗ ಹೋಗುತ್ತದೆ ಅಂತ ಯಾರೂ ಕೇಳುತ್ತಿರಲಿಲ್ಲ. ನಾನು ಕೇಳಿದೆ. ಮಿಲ್ಲು ಓಡುತ್ತಿತ್ತು, ಯಾರಿಗೂ ಕೇಳಿಸಲಿಲ್ಲ.

ಅವತ್ತೇ ನಾನು ತೀರ್ಮಾನ ಮಾಡಿದೆ, ಇದನ್ನು ಕಳಿಸಲು ಬಿಡಬಾರದು. ಹೇಗೆ ಅಂತ ಗೊತ್ತಿರಲಿಲ್ಲ. ಶಾಲೆ ಬಿಟ್ಟು ಬಂದವಳು ಮಾಡಿನ ಅಂಚಿನಲ್ಲಿ, ಸರಪಳಿ ಎಟುಕದಷ್ಟು ದೂರದಲ್ಲಿ ಪುಸ್ತಕ ಹಿಡಿದು ಕೂರಲು ಶುರುಮಾಡಿದೆ. ಹತ್ತಿರ ಹೋಗಿ ತಲೆ ಸವರಲು ನೋಡಿದರೆ ಹಲ್ಲು ತೋರಿಸುತ್ತಿತ್ತು. ಅಮ್ಮನನ್ನು ಕೇಳಿದೆ. ಅಮ್ಮ ಆಗ ಚೊಚ್ಚಲು ಕರು ಹಾಕಿದ ಗಂಗೆಯನ್ನು ಹಾಲಿಗೆ ಪಳಗಿಸುತ್ತಿದ್ದಳು. ಗಂಗೆ ಒದ್ದರೆ ತಂಬಿಗೆ ಅಷ್ಟು ದೂರ ಹಾರುತ್ತಿತ್ತು, ಮನೆಯಲ್ಲಿ ನನ್ನ ಮೇಲೂ ಅಪ್ಪನ ಮೇಲೂ ಬಾಯಿ ಮಾಡುತ್ತಿದ್ದ ಅಮ್ಮ ಕೊಟ್ಟಿಗೆಗೆ ಹೋದರೆ ಬೇರೆಯೇ ಹೆಂಗಸು. ಗಂಗೆಯ ಕೊರಳಡಿಯ ಗಂಗೆದೊಗಲು ತುರಿಸುತ್ತಾ, ಹಾಲು ಕರೆಯುವ ಯೋಚನೆಯೇ ಇಲ್ಲದವಳ ಹಾಗೆ ಕೂತಿರುತ್ತಿದ್ದಳು.

“ಅದು ಹೆದ್ರಿಕಂಡದೆ ಮಾರಾಯ್ತಿ. ಮುಖ ಮುಖ ನೋಡ್ಬೇಡ, ಮೇಲೆ ಬಿದ್ದು ಹೋಗ್ಬೇಡ. ಬೆನ್ನು ಹಾಕಿ ಕೂತ್ಕ. ಅದಕ್ಕೆ ಬೇಕಾದ್ರೆ ಬತ್ತದೆ.”

“ಬರ್ದೇ ಇದ್ರೆ?”

“ಬರ್ದೇ ಇದ್ರೆ ನಾಳೆಯೂ ಕೂತ್ಕ. ನಿಂಗೆಂತ ಅರ್ಜೆಂಟು?”

ಅರ್ಜೆಂಟು ನನಗಿತ್ತು, ಶಿವರಾತ್ರಿ ಎದುರಿಗೆ ಬರುತ್ತಿತ್ತು. ಆದರೂ ಬೆನ್ನು ಹಾಕಿ ಕೂತೆ. ಬೆಳಗಿನ ಅಕ್ಕಿರೊಟ್ಟಿಯಲ್ಲಿ ನನ್ನ ಪಾಲಿನ ಅರ್ಧ ಉಳಿಸಿಕೊಂಡು, ಚೂರು ಮಾಡಿ, ತಿರುಗಿ ನೋಡದೆ ಹಿಂದಕ್ಕೆ ಹಾಕುತ್ತಿದ್ದೆ. ಸಮಾಜ ಪಾಠವನ್ನು ಗುನುಗುವ ದನಿಯಲ್ಲಿ ಓದುತ್ತಿದ್ದೆ. ಯಾವ ಮೇಷ್ಟ್ರಿಗೂ ಕೇಳಿಸದ ನನ್ನ ದನಿ ಟೈಗರಿಗೆ ಕೇಳಿಸುತ್ತಿತ್ತು. ಒಂದು ಸಂಜೆ ನನ್ನ ಮೊಣಕೈಗೆ ತಣ್ಣಗೆ, ಒದ್ದೆಯಾಗಿ ಏನೋ ತಾಗಿತು. ನಾನು ತಿರುಗಲಿಲ್ಲ. ಮೌರ್ಯರ ಆಡಳಿತದ ಬಗ್ಗೆ ಓದುತ್ತಾ ಹೋದೆ, ಕಣ್ಣಲ್ಲಿ ನೀರು ಬಂದು ಅಕ್ಷರ ಕಾಣುತ್ತಿರಲಿಲ್ಲ. ಅದರ ಮೂಗು ಅಲ್ಲೇ ಇತ್ತು.

ಅಲ್ಲಿ ದಿನಾ ಕೂತದ್ದರಿಂದಲೇ ನನಗೆ ಇನ್ನೊಂದು ಸಂಗತಿ ಕಂಡಿತು. ಡಬ್ಬ ಸೊಂಟದ ಮೇಲಿಟ್ಟುಕೊಂಡು ಹೆಂಗಸರು ಬಂದರೆ ಟೈಗರ್ ಮಲಗಿದ್ದಲ್ಲಿಂದಲೇ ನೋಡುತ್ತಿತ್ತು. ಕೈಚೀಲದಲ್ಲಿ ರಾಗಿ ತಂದ ನಮ್ಮ ಮೇಷ್ಟ್ರನ್ನು ಕಂಡು ಆಕಳಿಸಿತು. ಗೋಣಿಚೀಲ ಹೊತ್ತವರು ಬಂದರೆ ಮಾತ್ರ ಬೆನ್ನಿನ ಕೂದಲು ನಿಗುರಿ, ಕಣ್ಣಿನ ಬಿಳಿ ಕಂಡು, ಗಂಟಲಿನಿಂದ ಗುರಗುರ ಬರುತ್ತಿತ್ತು. ಯಾರೂ ಮುಟ್ಟದೆ ಮೂಲೆಯಲ್ಲಿ ಬಿದ್ದಿದ್ದ ಖಾಲಿ ಚೀಲಕ್ಕೂ ಹಾಗೇ. ನಾನು ಚಿಕ್ಕಪ್ಪನನ್ನು ಹಿಡಿದು ಕೇಳಿದೆ.

“ಚಿಕ್ಕಪ್ಪ, ಇದನ್ನ ತೋಟದಿಂದ ಹೆಂಗೆ ತಂದೆ?”

“ಹೆಂಗೆ ಅಂದ್ರೆ? ಗೋಣಿಚೀಲದಲ್ಲಿ ಕಟ್ಟಿ, ಜೀಪಿನ ಹಿಂದೆ ಹಾಕ್ಕಂಡು ಬಂದೆ. ದಾರಿ ಕಾಣ್ಬಾರ್ದಲ್ಲ. ಏನು ಒದ್ದಾಟ ಅಂತಿ! ಎರಡು ಬಿಟ್ಟ ಮೇಲೆ ಸುಮ್ನಾಯ್ತು.”

ಚೀಲದಲ್ಲಿ ಉಸಿರು ಕಟ್ಟಿಸಿ, ಹೊಡೆದು ತಂದು, ಇಡೀ ಜಯಪುರದ ಗೋಣಿಚೀಲಗಳು ಬಂದು ಬೀಳುವ ಜಾಗದಲ್ಲೇ ಸರಪಳಿ ಹಾಕಿ ಕಟ್ಟಿದ್ದೇವೆ. ಕಾವಲಿಗೆ ಅಂತ! ಓಡಿಹೋಗಲೂ ಬಿಡದೆ, ದಿನಾ ಚೀಲದ ಮುಂದೆ ನಿಲ್ಲಿಸಿ, ಹೆದರಿ ಕಚ್ಚಿದ್ದಕ್ಕೆ ಮತ್ತೆ ಚೀಲದಲ್ಲೇ ಕಟ್ಟಿ ಕಳಿಸಲು ಹೊರಟಿದ್ದೇವೆ. ಇದನ್ನು ಹೇಳಲು ಅಪ್ಪನ ಹತ್ತಿರ ಓಡಿದೆ. ಅಪ್ಪ ಕಲ್ಲಿನ ಮೇಲಿನ ಹಾಪರಿಗೆ ಗೋಧಿ ಸುರಿಯುತ್ತಿದ್ದ.

“ಅಪ್ಪ, ಅದಕ್ಕೆ ಮನುಷ್ಯರ ಮೇಲೆ ಸಿಟ್ಟಿಲ್ಲ. ಚೀಲ ಕಂಡ್ರೆ ಹೆದ್ರಿಕೆ.”

“ಎಂತಾ?”

“ಚೀಲ ಕಂಡ್ರೆ ಹೆದ್ರಿಕೆ.”

“ಗಟ್ಟಿ ಹೇಳೇ! ಬಾಯಲ್ಲಿ ಎಂತ ಇಟ್ಕಂಡಿದ್ದಿ?”

ಮತ್ತೆ ಹೇಳಿದೆ, ಅದೇ ದನಿಯಲ್ಲಿ. ಅಪ್ಪ ಕೈ ಬೀಸಿ ‘ಹೋಗು, ಓದ್ಕ’ ಅಂದ. ಸರಿ, ಹಾಗಾದರೆ ಹೇಳುವುದಿಲ್ಲ, ಮಾಡಿ ತೋರಿಸುತ್ತೇನೆ ಅಂತ ನಾನೂ ತಿರುಗಿ ಬಂದೆ.

ಹರಿದ ಗೋಣಿಯಿಂದ ಅಂಗೈಯಗಲದ ತುಂಡು ಕತ್ತರಿಸಿದೆ. ಅದನ್ನು ದೂರದಲ್ಲಿಟ್ಟು, ಮೇಲೆ ರೊಟ್ಟಿಯ ಚೂರು ಇಟ್ಟೆ. ಟೈಗರ್ ಅವತ್ತು ರೊಟ್ಟಿ ಮುಟ್ಟಲಿಲ್ಲ. ಮರುದಿನ ಇನ್ನೂ ದೂರ ಇಟ್ಟೆ. ತುಟಿ ನೆಕ್ಕಿಕೊಂಡು ಮುಖ ಆಚೆ ತಿರುಗಿಸಿದರೆ ಅದಕ್ಕೆ ಸಾಕಾಗಿದೆ ಅಂತ ಅರ್ಥ. ಕೂಡಲೇ ತುಂಡನ್ನು ತೆಗೆದುಬಿಡುತ್ತಿದ್ದೆ. ಒತ್ತಾಯ ಮಾಡುತ್ತಿರಲಿಲ್ಲ. ಆ ಮನೆಯಲ್ಲಿ ಬೇಡ ಅಂದರೆ ಬೇಡ ಅಂತ ಕೇಳಿಸಿಕೊಳ್ಳುವವರು ಒಬ್ಬರಾದರೂ ಇರಲಿ ಅಂತ ನನಗಿತ್ತು. ಹೀಗೆ ಅಂಗೈಯಗಲದ್ದು ಮೊಳದಷ್ಟಾಯಿತು, ಮೊಳದ್ದು ಅರ್ಧ ಚೀಲವಾಯಿತು. ಮಿಲ್ಲಿನ ಸದ್ದಿಗೂ ಅದು ಹೆದರುತ್ತಿತ್ತು, ಅದಕ್ಕೇ ತ್ರೀಫೇಸ್ ಬಂದ ಹೊತ್ತಿಗೆ ಸರಪಳಿ ಬಿಚ್ಚಿ, ಗಂಗೆಯ ಹಗ್ಗ ಕಟ್ಟಿ ಶಾಲೆಯ ಮೈದಾನದವರೆಗೆ ಕರೆದುಕೊಂಡು ಹೋಗುತ್ತಿದ್ದೆ. ಬೆಲ್ಟಿನ ಸದ್ದು ಅಲ್ಲಿಗೆ ಸಣ್ಣಗೆ ಕೇಳುತ್ತಿತ್ತು. ಕೇಳಿದಾಗೆಲ್ಲ ಒಂದು ಚೂರು ರೊಟ್ಟಿ. ಹಾಗೇ ದಿನಾ ಸ್ವಲ್ಪ ಸ್ವಲ್ಪ ಹತ್ತಿರ, ಸೈಕಲ್ ಶಾಪಿನವರೆಗೆ, ಆಮೇಲೆ ನಮ್ಮ ಅಂಗಳದವರೆಗೆ.

ಚಿಕ್ಕಪ್ಪನಿಗೆ ಇದೆಲ್ಲ ಭಾರಿ ತಮಾಷೆ. ‘ಮೂಗಿ ನಾಯಿಗೆ ಟ್ಯೂಷನ್ ಕೊಡ್ತಿದಾಳೆ’ ಅಂತ ಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಸಾರಿದ. ಒಂದು ದಿನ ಒಣಮೆಣಸಿನ ಪುಡಿಯನ್ನು ಗಂಜಿಗೆ ಕಲಸಿ ತಂದು ಟೈಗರ್ ಮುಂದೆ ಇಟ್ಟ.

“ಖಾರ ತಿಂದ್ರೆ ನಾಯಿ ಜೋರಾಗ್ತದೆ. ಮಿಲ್ಲಿನ ಮನೇಲಿ ಮೆಣಸಿಗೆ ಎಂತ ಬರ?”

ನಾನು ಆ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಅವನ ಕಣ್ಣೆದುರೇ ಚರಂಡಿಗೆ ಸುರಿದೆ.

“ಏ! ಎಂತ ಮಾಡ್ದೆ?”

“ಚೆಲ್ಲಿದೆ.”

“ಎಂತಾ?”

“ಚೆಲ್ಲಿದೆ. ಮತ್ತೆ ತಂದ್ರೆ ಮತ್ತೆ ಚೆಲ್ತೀನಿ.”

ಚಿಕ್ಕಪ್ಪ ಕೈ ಎತ್ತಿದ. ನಾನು ಹಿಂದೆ ಸರಿಯಲಿಲ್ಲ. ಹಿಂದಿನಿಂದ ಅಮ್ಮ ‘ನಾಗೇಶ, ಕೈ ಇಳಿಸು’ ಅಂದಳು, ಕೊಟ್ಟಿಗೆಯಲ್ಲಿ ಮಾತಾಡುವ ದನಿಯಲ್ಲಿ. ಅವನು ಇಳಿಸಿದ. ಪಾತ್ರೆ ತೊಳೆಯುವ ಕೆಲಸ ಮಾತ್ರ ನನಗೇ ಬಂತು. ಬೆರಳೆಲ್ಲ ಉರಿ ಹತ್ತಿದರೂ ಖುಷಿಯಾಗಿಯೇ ತೊಳೆದೆ.

ಶಿವರಾತ್ರಿ ಬರುವ ಹೊತ್ತಿಗೆ ಇಡೀ ಗೋಣಿಚೀಲವನ್ನು ಟೈಗರ್ ಮುಂದೆ ಹಾಸಬಹುದಾಗಿತ್ತು. ಹಾಸಿದರೆ ಸಾಕು, ಓಡಿ ಬಂದು ಅದರ ಮೇಲೆ ಕೂತು ನನ್ನ ಕೈ ನೋಡುತ್ತಿತ್ತು. ನಾನು ಚೀಲ ಹೆಗಲ ಮೇಲೆ ಹೊತ್ತು ಬಂದರೂ ಬಾಲ ಅಲ್ಲಾಡಿಸುತ್ತಿತ್ತು. ಅಮ್ಮ ಹೊತ್ತು ಬಂದು ಧೊಪ್ಪನೆ ಹಾಕಿದಾಗ ಒಮ್ಮೆ ಬೆಚ್ಚಿ, ನನ್ನ ಮುಖ ನೋಡಿ, ಹೋಗಿ ಮೂಸಿ, ಕೂತಿತು. ಅವತ್ತು ಅಮ್ಮ ನನ್ನ ತಲೆ ಸವರಿದಳು. ಆ ಖುಷಿಯನ್ನು ನಾನು ಇನ್ನೂ ಮರೆತಿಲ್ಲ. ಅಪ್ಪನಿಗೆ ತೋರಿಸಬೇಕು, ನಾಳೆ ಭಾನುವಾರ ಗಿರಾಕಿ ಕಡಿಮೆ ಇದ್ದಾಗ ತೋರಿಸಬೇಕು ಅಂತ ಇಬ್ಬರೂ ಮಾತಾಡಿಕೊಂಡೆವು.

ಭಾನುವಾರ ಬೆಳಿಗ್ಗೆ ಜೀಪು ಬಂತು. ಕಾಫಿ ಕೊಯ್ಲು ಶಿವರಾತ್ರಿಗೆ ಮೊದಲೇ ಮುಗಿದಿತ್ತು, ಯಾರೂ ನಮಗೆ ಹೇಳಿರಲಿಲ್ಲ. ಶೇಷಣ್ಣನಿಗೆ ಮಾತ್ರ ಸುದ್ದಿ ಮುಟ್ಟಿತ್ತು. ನಾಯಿ ಹೋಗುವುದನ್ನು ಕಣ್ಣಾರೆ ನೋಡಲೆಂದೇ ಅವನು ಅಷ್ಟು ದಿನದ ಮೇಲೆ ಅಕ್ಕಿ ತಗೊಂಡು ಬಂದಿದ್ದ. ಅವನ ಅಕ್ಕಿ ಹಾಪರಿನಲ್ಲಿತ್ತು, ಮಿಲ್ಲು ಓಡುತ್ತಿತ್ತು, ಅವನು ಬೆಂಚಿನ ಮೇಲೆ ಕಾಲು ಮೇಲೆತ್ತಿ ಕೂತಿದ್ದ. ನಾನು ಗಲಾಟೆ ಕೇಳಿ ಅಡುಗೆಮನೆಯಿಂದ ಹೊರಗೆ ಬರುವಷ್ಟರಲ್ಲಿ ಚಿಕ್ಕಪ್ಪ ಒಂದು ಕೈಯಲ್ಲಿ ದೊಣ್ಣೆ, ಒಂದು ಕೈಯಲ್ಲಿ ಗೋಣಿಚೀಲ ಹಿಡಿದು ಕಂಬದ ಹತ್ತಿರ ನಿಂತಿದ್ದ. ಹಾರಿ ಬಿದ್ದರೆ ಬಾರಿಸಲು ತಯಾರಾಗಿ ಚೀಲವನ್ನು ಕೊಡವಿ ನೆಲದ ಮೇಲೆ ಬಿಡಿಸಿದ.

ಟೈಗರ್ ಎದ್ದು ನಿಂತಿತು. ಚೀಲ ನೋಡಿತು, ನನ್ನನ್ನು ನೋಡಿತು. ಬಾಲ ಅಲ್ಲಾಡಿಸುತ್ತಾ ಬಂದು ಚೀಲದ ಮೇಲೆ ಕೂತು, ರೊಟ್ಟಿಗಾಗಿ ಮುಖ ಮೇಲೆತ್ತಿತು.

“ಅಯ್ಯೋ, ಇದೆಂತ ಮಾರಾಯ! ತಾನಾಗೇ ಬಂದು ಕೂತ್ತಲ್ಲ!” ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಮೂಗಿ, ನಿನ್ನ ಟ್ಯೂಷನ್ನು ಉಪಯೋಗಕ್ಕೆ ಬಂತು ನೋಡು. ನನ್ನ ಕೆಲಸ ಹಗುರಾಯ್ತು.”

ನನಗೆ ಅಂಥ ಸಿಟ್ಟು ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಹೆದರಬೇಡ ಅಂತ ಅದಕ್ಕೆ ಹೇಳಿಕೊಟ್ಟವಳು ನಾನು. ಚೀಲ ಅಂದರೆ ರೊಟ್ಟಿ, ಚೀಲ ಅಂದರೆ ಸವಿತಾ ಅಂತ ನಂಬಿಸಿದವಳು ನಾನು. ಅದು ನಂಬಿತ್ತು. ಆ ನಂಬಿಕೆಯ ಬಾಯಿ ಕಟ್ಟಿ ಇವರು ಜೀಪಿಗೆ ಎಸೆಯುತ್ತಾರೆ. ನಾನು ಹೋಗಿ ಆ ಚೀಲದ ಮೇಲೆ ಟೈಗರ್ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

“ಏಳೇ!” ಚಿಕ್ಕಪ್ಪ ಗದರಿದ.

“ಇಲ್ಲ.”

“ಎಂತಂತೆ ಅವಳದ್ದು?” ಅಪ್ಪ ಮಿಲ್ಲಿನೊಳಗಿಂದ ಕೂಗಿದ. “ಎಂತ ಹೇಳ್ತಿದಾಳೆ?”

“ಇಲ್ಲ,” ಅಂದೆ.

“ಗಟ್ಟಿ ಹೇಳೇ! ಕೇಳ್ಸಲ್ಲ!”

ಬೆಂಚಿನಿಂದ ಶೇಷಣ್ಣ ಕೂಗಿದ, ಚಿಕ್ಕಪ್ಪ ನನ್ನ ರಟ್ಟೆ ಹಿಡಿದು ಕೂಗಿದ, ಮಿಲ್ಲು ಎಲ್ಲರ ಮೇಲೆ ಕೂಗಿತು. ಟೈಗರ್ ನನ್ನ ತೊಡೆಗೆ ಒತ್ತಿಕೊಂಡು ನಡುಗಲು ಶುರುಮಾಡಿತು. ನಾನು ಒಮ್ಮೆ ಕೂಗಿದ್ದರೆ ಎಲ್ಲರಿಗೂ ಕೇಳಿಸುತ್ತಿತ್ತೋ ಏನೋ. ಆದರೆ ನಾನೂ ಕೂಗಿದರೆ ಟೈಗರಿಗೆ ಅಂತ ಯಾರೂ ಉಳಿಯುತ್ತಿರಲಿಲ್ಲ. ಅದರ ಬೆನ್ನ ಮೇಲೆ ಕೈಯಿಟ್ಟು, ಪಾಠ ಓದುವ ದನಿಯಲ್ಲೇ ‘ಇಲ್ಲ’ ಅಂತ ಮತ್ತೆ ಹೇಳಿದೆ. ಅಪ್ಪನ ಮುಖವನ್ನೇ ನೋಡುತ್ತಾ ಹೇಳಿದೆ. ಅಪ್ಪ ನನ್ನನ್ನು ನೋಡಿದ. ಕೂತ ನಾಯಿಯನ್ನು ನೋಡಿದ, ನಾಯಿಯ ಅಡಿಯ ಚೀಲವನ್ನು ನೋಡಿದ. ಶೇಷಣ್ಣನನ್ನು ಕಚ್ಚಿದ ದಿನ ಅದು ಹೇಗೆ ಹಾರಿತ್ತು ಅಂತ ಅವನೂ ಕಂಡವನೇ. ಹುಬ್ಬು ಗಂಟಿಕ್ಕಿತು, ಹುಬ್ಬಿನ ಹಿಟ್ಟು ಉದುರಿತು. ಆಮೇಲೆ ಕೈ ಚಾಚಿ ಸ್ವಿಚ್ಚು ಕೆಳಗೆಳೆದ.

ಇದು ಎಂಥ ಕೆಲಸ ಅಂತ ಮಿಲ್ಲಿನ ಮನೆಯವರಿಗೆ ಮಾತ್ರ ಗೊತ್ತು. ಹಾಪರಿನಲ್ಲಿ ಕಾಳಿರುವಾಗ ಮಿಲ್ಲು ನಿಲ್ಲಿಸಬಾರದು. ನಿಲ್ಲಿಸಿದರೆ ಕಾಳು ಕಲ್ಲಿನ ನಡುವೆ ಕಚ್ಚಿಕೊಳ್ಳುತ್ತದೆ, ಮತ್ತೆ ಸ್ವಿಚ್ಚು ಹಾಕಿದರೆ ಬೆಲ್ಟು ಸುಡುತ್ತದೆ. ಎಲ್ಲ ಬಿಚ್ಚಿ, ಕಲ್ಲು ಎತ್ತಿ, ಕೆರೆದು ತೆಗೆಯಬೇಕು. ಅಜ್ಜಿ ತೀರಿಕೊಂಡ ಸುದ್ದಿ ಬಂದಾಗಲೂ ಅಪ್ಪ ಹಾಪರು ಖಾಲಿಯಾಗುವ ತನಕ ನಿಂತಿದ್ದವನು. ಈಗ ಶೇಷಣ್ಣನ ಅಕ್ಕಿ ಅರ್ಧಕ್ಕರ್ಧ ಇರುವಾಗಲೇ ಕಲ್ಲು ನರಳಿ ನಿಂತಿತು. ಹಿಟ್ಟು ಬೀಳುವ ಬಟ್ಟೆಯ ತೋಳು ಪುಸ್ಸೆಂದು ಜೋತುಬಿತ್ತು.

“ಎಂತ ಹೇಳಿದ್ದು?” ಅಪ್ಪ ಅಭ್ಯಾಸಬಲದಿಂದ ಅಬ್ಬರಿಸಿದ. ಆ ಸದ್ದಿಲ್ಲದ ಮನೆಯಲ್ಲಿ ತನ್ನ ದನಿ ಕೇಳಿ ತಾನೇ ಬೆಚ್ಚಿದ. ಆಮೇಲೆ ಕೆಳದನಿಯಲ್ಲಿ ಕೇಳಿದ, “ಎಂತ ಹೇಳಿದ್ದು ಸವಿ?”

“ಇದನ್ನ ಚೀಲದಲ್ಲಿ ಕಟ್ಟಿ ತಂದಿದ್ರು ಅಪ್ಪ. ಅದಕ್ಕೇ ಚೀಲ ಹೊತ್ತವರು ಬಂದ್ರೆ ಹೆದ್ರಿ ಕಚ್ಚಿದ್ದು. ಈಗ ಹೆದ್ರಲ್ಲ. ನಾ ಕಲ್ಸಿದೀನಿ. ನಾ ಕಲ್ಸಿದ್ದನ್ನ ಇಟ್ಕಂಡು ಅದನ್ನ ಹಿಡಿಬೇಡಿ. ಕಳ್ಸೋದಾದ್ರೆ ಈ ಚೀಲದಲ್ಲಿ ನನ್ನೂ ಕಟ್ಟಿ.”

ಕೊಟ್ಟಿಗೆಯ ಬಾಗಿಲಲ್ಲಿ ಅಮ್ಮ ಹಾಲಿನ ತಂಬಿಗೆ ಹಿಡಿದು ನಿಂತಿದ್ದಳು. ಮೊದಲು ಬಾಯಿ ಬಿಟ್ಟವನು ಶೇಷಣ್ಣ.

“ನನ್ನ ಅಕ್ಕಿ ಒಳಗೆ ಸಿಕ್ಕಂಡ್ತಲ್ಲ ಮಾರಾಯ!”

“ಇರ್ಲಿ. ಕಲ್ಲು ಬಿಚ್ಚಿ ತೆಗೆದು ಕೊಡ್ತೀನಿ,” ಅಂದ ಅಪ್ಪ. “ನೀ ಈಗ ಆ ಖಾಲಿ ಚೀಲ ಹೆಗಲಿಗೆ ಹಾಕ್ಕಂಡು ಇತ್ಲಾಗೆ ಬಾ.”

“ಎಂತ, ಇನ್ನೊಂದು ಕಾಲೂ ಕಚ್ಚಿಸ್ಕಳ್ಳದಾ?”

“ಬಾ ಅಂದ್ನಲ್ಲ. ನಾ ಇದೀನಿ.”

ಶೇಷಣ್ಣ ಒಂದು ಕೈಯಲ್ಲಿ ಪಂಚೆ ಎತ್ತಿ ಹಿಡಿದುಕೊಂಡು ಬಂದ, ನಡೆದದ್ದು ಕೆಸರಿನಲ್ಲಿ ನಡೆಯುವವನ ಹಾಗೆ. ಮಾಡಿನ ಅಂಚಿಗೆ ಬಂದವನೇ ಹೆದರಿಕೆಗೆ ಚೀಲವನ್ನು ನೆಲಕ್ಕೆ ಬಿಟ್ಟುಬಿಟ್ಟ. ಟೈಗರ್ ಮೈ ಬಿಗಿಯಿತು. ನನ್ನ ಅಂಗೈ ಅಡಿಯಲ್ಲಿ ಅದರ ಎದೆ ಹೊಡೆದುಕೊಳ್ಳುವುದು ನನಗೆ ಗೊತ್ತಾಗುತ್ತಿತ್ತು. ನಾನು ಏನೂ ಹೇಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ಅದು ಮುಖ ತಿರುಗಿಸಿ ನನ್ನನ್ನು ನೋಡಿತು. ಮೆಲ್ಲಗೆ ಎದ್ದು, ಕುತ್ತಿಗೆ ಚಾಚಿ ಶೇಷಣ್ಣನ ಚೀಲ ಮೂಸಿತು, ಅವನ ಕಾಲಿನ ಗಾಯದ ಕಲೆ ಮೂಸಿತು. ಶೇಷಣ್ಣ ಕಣ್ಣು ಮುಚ್ಚಿಕೊಂಡು ದೇವರನ್ನು ನೆನೆಯುತ್ತಿದ್ದ. ಅವನು ಕಣ್ಣು ಬಿಡುವ ಹೊತ್ತಿಗೆ ಟೈಗರ್ ಅವನ ಚೀಲದ ಮೇಲೆ ಕೂತಾಗಿತ್ತು.

“ಜೀಪಿಗೆ ಬೇರೆ ಬಾಡಿಗೆ ಹಿಡಿ ನಾಗೇಶ,” ಅಂದ ಅಪ್ಪ.

“ಅಣ್ಣ, ಪೇಟೇಲಿ ಎಲ್ಲರ ಎದುರು ಮಾತು ಕೊಟ್ಟಿದೀಯ!”

“ಕೊಟ್ಟವನು ನಾನೇ, ವಾಪಸ್ ತಗಂಡವನೂ ನಾನೇ. ಬೇಕಾದ್ರೆ ಕಟ್ಟೆ ಹತ್ತಿ ಅದನ್ನೂ ಸಾರು.”

ಅವತ್ತು ಸಂಜೆಯವರೆಗೆ ಮಿಲ್ಲು ಬಾಯಿ ಬಿಚ್ಚಿಕೊಂಡು ಕೂತಿತ್ತು. ಅಪ್ಪ ಕಲ್ಲು ಎತ್ತಿ ಅಕ್ಕಿ ಕೆರೆದು ತೆಗೆಯುತ್ತಾ ಬೈದುಕೊಂಡೇ ಇದ್ದ, ಬೈಗುಳ ಮಾತ್ರ ಕೆಳದನಿಯಲ್ಲಿತ್ತು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಹುರುಳಿ ಸಾರು ಸೊರ್ರೆಂದು ಸುರಿಯುವ ಸದ್ದು, ಹಿತ್ತಿಲಲ್ಲಿ ಗಂಗೆಯ ಕೊರಳ ಗಂಟೆ, ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನ ಸೀಟಿ, ಇವೆಲ್ಲ ನಮ್ಮ ಅಡುಗೆಮನೆಗೆ ಕೇಳಿಸುತ್ತವೆ ಅಂತಲೇ ನಮಗೆ ಗೊತ್ತಿರಲಿಲ್ಲ. ಟೈಗರನ್ನು ಆಮೇಲೆ ಆ ಕಂಬಕ್ಕೆ ಕಟ್ಟಲಿಲ್ಲ. ಮರುದಿನದಿಂದ ಎಲ್ಲ ಮಾಮೂಲು ಆಯಿತು, ತ್ರೀಫೇಸ್ ಬಂತು, ಅಪ್ಪ ಕೂಗಿದ, ಚಿಕ್ಕಪ್ಪ ಕೂಗಿದ. ನಾನು ಮಾತ್ರ ಏನಾದರೂ ಹೇಳಲು ಮಿಲ್ಲಿನ ಬಾಗಿಲಲ್ಲಿ ಹೋಗಿ ನಿಂತರೆ ಅಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದು, ಬಗ್ಗಿ, ಕಿವಿ ಕೊಡುತ್ತಿದ್ದ. ‘ಗಟ್ಟಿ ಹೇಳು’ ಅಂತ ಮತ್ತೆಂದೂ ಅನ್ನಲಿಲ್ಲ.

ಈಗ ನಾನು ಕೊಪ್ಪದಲ್ಲಿದ್ದೇನೆ, ಹೆದರಿದ ನಾಯಿಗಳನ್ನು ಪಳಗಿಸುವುದು ನನ್ನ ಕೆಲಸ. ಕಚ್ಚುವ ನಾಯಿ, ಪಟಾಕಿಗೆ ಮಂಚದಡಿ ಸೇರುವ ನಾಯಿ, ಯಾರೂ ಮುಟ್ಟಲಾರದ ನಾಯಿ ಇದ್ದವರು ಶೃಂಗೇರಿ, ಎನ್.ಆರ್. ಪುರದಿಂದೆಲ್ಲ ನನ್ನ ಅಂಗಳಕ್ಕೆ ಬರುತ್ತಾರೆ. ಜೀಪಿನಿಂದ ಇಳಿಯುವ ಮೊದಲೇ, ಎಂಜಿನ್ ಓಡುತ್ತಿರುವಾಗಲೇ, ಹಿಂದಿನ ಸೀಟಿನಲ್ಲಿ ನಾಯಿ ನಡುಗುತ್ತಿರುವಾಗಲೇ ಕೂಗಲು ಶುರುಮಾಡುತ್ತಾರೆ, ಇದು ಮಾತು ಕೇಳಲ್ಲ ಮೇಡಂ, ಎಷ್ಟು ಹೊಡೆದರೂ ಕೇಳಲ್ಲ. ನಾನು ಜಗಲಿಯಲ್ಲಿ ಕೂತಲ್ಲಿಂದಲೇ ಹೇಳಬೇಕಾದ್ದನ್ನು ಹೇಳುತ್ತೇನೆ.

“ಎಂತ? ಕೇಳ್ಸಲ್ಲ ಮೇಡಂ, ಗಟ್ಟಿ ಹೇಳಿ!”

ನಾನು ಇನ್ನೊಂದು ಚೂರು ಮೆಲ್ಲಗೆ ಹೇಳುತ್ತೇನೆ. ಅವರು ಇನ್ನೊಮ್ಮೆ ಕೂಗುತ್ತಾರೆ, ನಾನು ಇನ್ನೊಮ್ಮೆ ಹೇಳುತ್ತೇನೆ. ಕೊನೆಗೆ ಸಾಕಾಗಿ ಕೀ ತಿರುಗಿಸಿ ಎಂಜಿನ್ ಆಫ್ ಮಾಡುತ್ತಾರೆ. ಇಲ್ಲಿಯವರೆಗೆ ಬಂದವರೆಲ್ಲ ಮಾಡಿದ್ದಾರೆ. ಆಮೇಲೆ ನಾನು ಎದ್ದು ಹೋಗಿ ನಾಯಿಯ ಕಡೆಗೆ ಬೆನ್ನು ಹಾಕಿ ಕೂರುತ್ತೇನೆ.